ಪಕ್ಕೆಲುಬಿನ ಕಿವಿ

ನನ್ನ ಎಡಗಿವಿಯನ್ನು ಕಳ್ಳ ಹರಿದುಕೊಂಡು ಹೋದ ಎಂದು ನಮ್ಮ ಯಜಮಾನರು ಹೈದರಾಬಾದಿನಿಂದ ರಾಯಚೂರಿನವರೆಗಿನ ನೆಂಟರಿಗೆಲ್ಲ ಹೇಳಿದ್ದರು. ಕಳ್ಳ ಯಾರೂ ಇರಲಿಲ್ಲ. ಕಿವಿ ಕೊಯ್ದವರು ಡಾಕ್ಟರು, ಕೊಯ್ದದ್ದು ಅದಕ್ಕೆ ಚರ್ಮದ ಕ್ಯಾನ್ಸರ್ ಆಗಿತ್ತು ಅಂತ. ಆ ಸುಳ್ಳಿನ ಜೊತೆ ನಾನು ಸುಮಾರು ಒಂದು ವರ್ಷ ಸಂಸಾರ ಮಾಡಿದೆ.

ಶುರುವಾದದ್ದು ಓಲೆಯ ತೂತಿನ ಪಕ್ಕ ಒಂದು ಹಕ್ಕಳೆಯಿಂದ. ಕೆರೆದರೆ ಉದುರುತ್ತಿತ್ತು, ನಾಲ್ಕು ದಿನಕ್ಕೆ ಮತ್ತೆ ಕಟ್ಟುತ್ತಿತ್ತು. ಓಲೆಯ ತಿರುಪು ಬಿಗಿಯಾಗಿರಬೇಕು ಅಂದುಕೊಂಡು ಅರಿಶಿನ ಹಚ್ಚಿದೆ, ಕೊಬ್ಬರಿ ಎಣ್ಣೆ ಹಚ್ಚಿದೆ. ಎರಡು ವರ್ಷ ಹೀಗೇ ಕಳೆಯಿತು. ಕಡೆಗೆ ದಿಂಬಿನ ಗಲೀಫಿನ ಮೇಲೆ ದಿನಾ ಬೆಳಿಗ್ಗೆ ಹಳದಿ ಕಲೆ ಬೀಳತೊಡಗಿತು. ಆ ಕಲೆಗೆ ಸತ್ತ ಇಲಿಯ ನಾತ. ಮಗಳು ಏಳುವ ಮೊದಲೇ ಗಲೀಫು ಒಗೆದು ಹಾಕುತ್ತಿದ್ದೆ.

ಯಜಮಾನರು, ಹನುಮಂತರಾಯರು, ಇಲ್ಲೇ ಹೈದರಾಬಾದಿನ ಬಾಲಾನಗರದ ಕಾರ್ಖಾನೆಯೊಂದರಲ್ಲಿ ಮೂವತ್ತು ವರ್ಷ ಇನ್ಸ್‌ಪೆಕ್ಷನ್ ವಿಭಾಗದಲ್ಲಿದ್ದು ನಿವೃತ್ತರಾದವರು. ವಿಮಾನಕ್ಕೆ ಹಾಕುವ ಉಪಕರಣದಲ್ಲಿ ಕೂದಲೆಳೆಯಷ್ಟು ತಪ್ಪಿದ್ದರೂ ಹಿಡಿದು ವಾಪಸ್ ಕಳಿಸುತ್ತಿದ್ದರಂತೆ. ಇದನ್ನು ಬಂದವರಿಗೆಲ್ಲ ಅವರೇ ಹೇಳುತ್ತಾರೆ. ಪಕ್ಕದಲ್ಲಿ ಮಲಗುವ ಹೆಂಡತಿಯ ಕಿವಿ ಕೊಳೆಯುತ್ತಿರುವುದು ಮಾತ್ರ ಎರಡು ವರ್ಷ ಅವರ ಕಣ್ಣಿಗೆ ಬೀಳಲಿಲ್ಲ. ಕಂಡು ಹಿಡಿದದ್ದು ಮಗಳು ಪ್ರಫುಲ್ಲಾ. ತಲೆ ಬಾಚಿಕೊಡುತ್ತಿದ್ದವಳು ಬಾಚಣಿಗೆ ಕೆಳಗಿಟ್ಟು, ಅವತ್ತೇ ನನ್ನನ್ನು ಆಟೋದಲ್ಲಿ ಕೂಡಿಸಿಕೊಂಡು ಆಸ್ಪತ್ರೆಗೆ ಹೋದಳು.

ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಫಲಿತಾಂಶ ಬಂದ ಮೇಲೆ ತಡ ಮಾಡಲಿಲ್ಲ. ತೊಂಬತ್ತಾರರ ಜನವರಿಯಲ್ಲಿ ಎಡಗಿವಿಯ ಕೆಳಗಿನ ಅರ್ಧ, ಓಲೆ ಹಾಕುವ ಹಾಲೆಯ ಸಮೇತ, ಹೋಯಿತು. ಬೇರು ಉಳಿದಿಲ್ಲ, ಜೀವಕ್ಕೆ ಭಯವಿಲ್ಲ ಅಂದರು. ಪಟ್ಟಿ ಬಿಚ್ಚಿದ ದಿನ ಕನ್ನಡಿ ನೋಡಿದೆ. ಇಲಿ ಕಡಿದ ರೊಟ್ಟಿಯ ಹಾಗಿತ್ತು. ನನ್ನ ಮೈಯನ್ನು ಕಂಡು ನನಗೇ ಅಸಹ್ಯವಾದದ್ದು ಅದೇ ಮೊದಲು.

ಆಗ ಪ್ರಫುಲ್ಲಾಗೆ ಒಂದು ಸಂಬಂಧ ಬಂದಿತ್ತು. ಹುಡುಗ ಬೇಗಂಪೇಟೆಯ ಒಂದು ಆಫೀಸಿನಲ್ಲಿ ಕೆಲಸಕ್ಕಿದ್ದ. ಅವನ ಚಿಕ್ಕಮ್ಮ ಪ್ರೇಮಾ ನಮ್ಮ ಪಕ್ಕದ ಮನೆಯಾಕೆ, ಸಂಬಂಧ ತಂದವಳೂ ಅವಳೇ. ಆಸ್ಪತ್ರೆಯ ವರಾಂಡದಲ್ಲೇ ಯಜಮಾನರು ನನ್ನ ಹತ್ತಿರ ಬಗ್ಗಿ ಹೇಳಿದರು.

"ಕ್ಯಾನ್ಸರ್ ಅಂತ ಬಾಯಿ ಬಿಟ್ಟೀ ಜೋಕಿ. ಮನಿತನದಾಗ ಅದ ಅಂತಾರ. ಹುಡುಗಿ ಮನ್ಯಾಗ ಉಳೀತದ."

"ಮತ್ತ ಕೇಳಿದವರಿಗೆ ಏನಂತ ಹೇಳ್ಳಿ?"

"ನಾ ಹೇಳ್ತೀನಿ ಸುಮ್ನಿರು."

ಹೇಳಿದರು, ಎಷ್ಟು ಚೆನ್ನಾಗಿ ಹೇಳಿದರು! ನಾಂಪಲ್ಲಿಯ ಎಗ್ಜಿಬಿಷನ್ನಿಗೆ ಹೋಗಿದ್ದೆವಂತೆ. ಸಂಜೆ ಏಳೂ ಕಾಲು. ತಿರುಗುವ ತೊಟ್ಟಿಲಿನ ಹತ್ತಿರ ನೂಕುನುಗ್ಗಲು. ಕೆಂಪು ಅಂಗಿಯವನೊಬ್ಬ ಹಿಂದಿನಿಂದ ಬಂದು ಓಲೆಗೆ ಕೈ ಹಾಕಿ ಎಳೆದೇ ಬಿಟ್ಟನಂತೆ. ಮೊದಲ ವಾರ ಕಥೆ ಇಷ್ಟೇ ಇತ್ತು. ಎರಡನೇ ವಾರ ಯಜಮಾನರು ಅವನ ಬೆನ್ನು ಹತ್ತಿ ಗೇಟಿನವರೆಗೆ ಓಡಿದರು. ಬಸ್ಸು ತಪ್ಪಿ ಹೋಗುತ್ತಿದ್ದರೂ ಓಡದ ಮನುಷ್ಯ! ಯುಗಾದಿ ಹಬ್ಬದ ಹೊತ್ತಿಗೆ ಕಳ್ಳನ ಕೈಯಲ್ಲಿ ಚಾಕುವೂ ಬಂತು. ಬಂದವರು ನನ್ನ ಕಿವಿಯ ಪಟ್ಟಿ ನೋಡಿ ಲೊಚಗುಟ್ಟುತ್ತಿದ್ದರು, ಚಹಾ ಕುಡಿದು ಈ ಊರಿಗೆ ಬೈದು ಹೋಗುತ್ತಿದ್ದರು. ನಾನು ತಲೆ ಆಡಿಸುತ್ತ ಕೂತಿರುತ್ತಿದ್ದೆ. ಸುಳ್ಳು ಅವರದಾದರೂ ತಲೆ ನನ್ನದೇ ಆಡುತ್ತಿತ್ತಲ್ಲ, ಅದಕ್ಕೆ ನನ್ನ ಮೇಲೂ ಹೇಸಿಗೆ ಬರುತ್ತಿತ್ತು.

ಕಿವಿಯನ್ನು ಮತ್ತೆ ಕಟ್ಟಬಹುದು ಎಂದವರು ಆಸ್ಪತ್ರೆಯ ಪ್ಲಾಸ್ಟಿಕ್ ಸರ್ಜನ್, ಒಬ್ಬ ತೆಲುಗು ಡಾಕ್ಟರಮ್ಮ. ನನ್ನ ಜೊತೆ ಹಿಂದಿಯಲ್ಲಿ ಮಾತಾಡುತ್ತಿದ್ದರು. ಹಳೆಯ ಎಕ್ಸ್‌ರೇ ಹಾಳೆಯೊಂದನ್ನು ತೊಳೆದು, ನನ್ನ ಬಲಗಿವಿಯ ಮೇಲಿಟ್ಟು ಪೆನ್ನಿನಿಂದ ಗೆರೆ ಎಳೆದು, ಕತ್ತರಿಸಿ, ಮಗುಚಿ ಎಡಗಡೆ ಹಿಡಿದರು. ದರ್ಜಿ ಕುಪ್ಪಸದ ಅಳತೆ ತೆಗೆದ ಹಾಗೆ. ಪಕ್ಕೆಲುಬಿನ ತುದಿಯಲ್ಲಿರುವ ಮೆತ್ತನೆಯ ಎಲುಬನ್ನು ತೆಗೆದು ಕಿವಿಯ ಆಕಾರಕ್ಕೆ ಕೆತ್ತಿ, ಅದಕ್ಕೆ ಕಿವಿಯ ಹಿಂದಿನ ಚರ್ಮವನ್ನು ಹೊದಿಸುತ್ತೇನೆ ಅಂದರು. ಯಜಮಾನರಿಗೆ ಒಂದೇ ಪ್ರಶ್ನೆಯಿತ್ತು. ಓಲೆ ಹಾಕಲು ಬರುತ್ತದೋ ಇಲ್ಲವೋ?

ಮೊದಲ ಆಪರೇಷನ್ ಆದ ಮೇಲೆ ಮೂರು ವಾರ ಹೊಸ ಕಿವಿಯನ್ನು ಕತ್ತಿನ ಚರ್ಮಕ್ಕೆ ಹೊಲಿದೇ ಬಿಟ್ಟಿದ್ದರು, ರಕ್ತ ಅಲ್ಲಿಂದ ಹರಿದು ಬರಬೇಕಂತೆ. ಆ ಮೂರು ವಾರ ನಾನು ಮನುಷ್ಯಳಾಗಿರಲಿಲ್ಲ. ತಲೆಗೆ ನೀರು ಹಾಕುವ ಹಾಗಿಲ್ಲ, ಎಡಕ್ಕೆ ತಿರುಗುವ ಹಾಗಿಲ್ಲ, ಕೆಮ್ಮಿದರೆ ಪಕ್ಕೆ ಕಿತ್ತು ಬರುತ್ತಿತ್ತು. ಹೊಲಿಗೆಯ ಸಂದಿಯಿಂದ ಜೇನಿನಂಥ ಅಂಟು ಇಳಿದು ಕುಪ್ಪಸದ ಕೊರಳಿಗೆ ಅಂಟಿ ಒಣಗುತ್ತಿತ್ತು. ಹೇನು ಬಿದ್ದವು. ಯಜಮಾನರು ತಮ್ಮ ಹಾಸಿಗೆಯನ್ನು ನಡುಮನೆಗೆ ಒಯ್ದು, ನನಗೆ ಗಾಳಿ ಬೇಕಲ್ಲ ಎಂದು ಕಾರಣ ಕೊಟ್ಟರು. ಪಟ್ಟಿ ಬದಲಿಸುತ್ತಿದ್ದವಳು ಪ್ರಫುಲ್ಲಾ. ಒಮ್ಮೆ ಅವಳೂ ಬಚ್ಚಲಿಗೆ ಓಡಿಹೋಗಿ ವಾಂತಿ ಮಾಡಿಕೊಂಡಳು. ಬಾಯಿ ತೊಳೆದುಕೊಂಡು ಬಂದು ಮತ್ತೆ ಪಟ್ಟಿ ಹಿಡಿದಳು.

ಇನ್ನೆರಡು ಆಪರೇಷನ್ನಾಗಿ ಸೆಪ್ಟೆಂಬರಿಗೆ ಕಿವಿ ಮುಗಿಯಿತು. ಸುಂದರವಾಗಿತ್ತು ಅಂತ ಹೇಳಲಾರೆ. ತುಸು ದಪ್ಪ, ಬಣ್ಣ ತುಸು ಬೇರೆ. ಚರ್ಮದ ಜೊತೆ ಕೂದಲ ಬೇರೂ ಬಂದಿದ್ದರಿಂದ ಹಾಲೆಯ ಮೇಲೆ ಮುದುಕರ ಕಿವಿಯ ಹಾಗೆ ಕೂದಲು ಮೊಳೆಯುತ್ತಿದ್ದವು. ವಾರಕ್ಕೊಮ್ಮೆ ಪ್ರಫುಲ್ಲಾ ಚಿಮಟದಿಂದ ಕೀಳುತ್ತಿದ್ದಳು, ಇಬ್ಬರೂ ನಗುತ್ತಿದ್ದೆವು. ಮುಟ್ಟಿದರೆ ಏನೂ ತಿಳಿಯುತ್ತಿರಲಿಲ್ಲ, ಅಷ್ಟು ಜೋಮು. ಆದರೂ ಅದು ಕಿವಿ. ಬಸ್ಸಿನಲ್ಲಿ ತಲೆ ತುಂಬ ಸೆರಗು ಹೊದೆಯದೆ ನಿಂತ ದಿನ ಯಾರೊಬ್ಬರೂ ತಿರುಗಿ ನೋಡಲಿಲ್ಲ. ಇಳಿದು ಮನೆಗೆ ಬರುವವರೆಗೆ ನನಗೆ ಅಳು ನಿಲ್ಲಲಿಲ್ಲ. ಐವತ್ತಾರನೇ ವಯಸ್ಸಿಗೆ ನನಗೆ ಬೇಕಾದದ್ದು ಅದೊಂದೇ ಆಗಿತ್ತು, ಆ ಕಿವಿ ನನಗೆ ಉಳಿಯಬೇಕು.

ಡಾಕ್ಟರಮ್ಮ ಕೈ ಹಿಡಿದು ಹೇಳಿ ಕಳಿಸಿದ್ದರು. "ಅಮ್ಮಾ, ಒಂದು ವರ್ಷ ಇದಕ್ಕೆ ಸೂಜಿ ತಾಗಿಸಬೇಡಿ. ಒಳಗಿನ ಎಲುಬಿಗೆ ಕೀವು ಇಳಿಯಿತೋ, ನೀರಿಗೆ ಬಿದ್ದ ಬೆಲ್ಲದ ಹಾಗೆ ಕರಗಿ ಹೋಗುತ್ತದೆ." ಯಜಮಾನರು ಪಕ್ಕದಲ್ಲೇ ನಿಂತು ಕೇಳಿದರು. ಕೇಳಿ, "ಜೀ, ಜೀ" ಎಂದರು.

ನವೆಂಬರಿನಲ್ಲಿ ಯಜಮಾನರಿಗೆ ಅರವತ್ತು ತುಂಬುವುದಿತ್ತು. ಷಷ್ಟ್ಯಬ್ದಿ ಶಾಂತಿ, ಮತ್ತೊಮ್ಮೆ ಮಾಂಗಲ್ಯ ಕಟ್ಟುವುದು, ಊಟ. ಹುಡುಗನ ಮನೆಯವರನ್ನೂ ಕರೆಯುವುದು, ಅಲ್ಲೇ ಮಾತು ಮುಗಿಸುವುದು ಎಂದು ಪ್ರೇಮಾ ಜೊತೆ ಗೊತ್ತಾಗಿತ್ತು. ಹದಿನೈದು ದಿನ ಮೊದಲೇ ರಾಯಚೂರಿನಿಂದ ಯಜಮಾನರ ಅಕ್ಕ ತುಳಸಾಬಾಯಿಯವರು ಬಂದಿಳಿದರು. ಬಂದವರೇ ನನ್ನ ಗದ್ದ ಹಿಡಿದು ಮುಖ ತಿರುಗಿಸಿ ನೋಡಿದರು.

"ಅಯ್ಯ, ಮುತ್ತೈದಿ ಕಿವಿ ಬೋಳು ಇಟ್ಗೊಂಡು ಕೂತೀಯಲ್ಲ ಸುಭದ್ರಾ! ಹೊಲಿಸಿದ ಮ್ಯಾಲೆ ಚುಚ್ಚಿಸ್ಲಿಕ್ಕೇನು ಧಾಡಿ?"

"ಡಾಕ್ಟರು ಬ್ಯಾಡ ಅಂದಾರ ಅಕ್ಕಾರ. ವರ್ಷ ಆಗ್ಬೇಕಂತ."

"ಡಾಕ್ಟರಿಗೇನು ಗೊತ್ತು ಓಲಿ ಸುದ್ದಿ? ನಮ್ಮ ಓಣ್ಯಾಗ ಎಷ್ಟು ಮಂದಿದು ಹರದಾವ. ಪತ್ತಾರ ಕೂಡಿಸಿ ತಿಂಗಳಿಗೆ ಚುಚ್ಚತಾನ. ಬರೇ ಕಿವೀಲೆ ಮಾಂಗಲ್ಯ ಕಟ್ಟಿಸ್ಕೋತೀಯೇನು? ನನ್ನ ತಮ್ಮನ ಆಯುಷ್ಯದ ಪ್ರಶ್ನಿ ಅದ."

ಅವರ ಮಾತಿನಲ್ಲಿ ತಪ್ಪಿರಲಿಲ್ಲ, ಅವರಿಗೆ ಗೊತ್ತಿದ್ದ ಮಟ್ಟಿಗೆ. ಹರಿದ ಕಿವಿಯನ್ನು ಹೊಲಿಸಿ ಚುಚ್ಚಿಸಿಕೊಂಡವರು ನಮ್ಮ ಕಡೆ ಮನೆಗೊಬ್ಬರಿದ್ದಾರೆ. ಇದು ಹರಿದ ಕಿವಿಯಲ್ಲ, ಕೆತ್ತಿದ ಕಿವಿ ಎಂದು ಹೇಳಬೇಕಿತ್ತು. ಹೇಳಿದರೆ ಯಾಕೆ ಕೆತ್ತಿದರು ಎಂಬ ಪ್ರಶ್ನೆ ಬರುತ್ತಿತ್ತು. ಪ್ರಫುಲ್ಲಾ ಅಂಗಡಿಯಿಂದ ಅಂಟಿಸುವ ಓಲೆ ತಂದು ಕೊಟ್ಟಳು. ತುಳಸಕ್ಕ ಅದನ್ನು ಅಂಗೈಯಲ್ಲಿಟ್ಟು ನೋಡಿ, "ಇದೇನು ನಾಟಕದ ಕಂಪನಿಯೇನು?" ಎಂದು ತಿಪ್ಪೆಗೆಸೆದರು. ಗಂಡ ಹೋದ ಹದಿನೆಂಟು ವರ್ಷದಿಂದ ತಮ್ಮ ಕಿವಿಯಲ್ಲಿ ಕಡ್ಡಿಯೂ ಇಲ್ಲದ ಹೆಂಗಸು, ನನ್ನ ಕಿವಿಗಾಗಿ ಅಷ್ಟು ಸಂಕಟಪಟ್ಟರು.

ಮೂರನೆಯ ದಿನ ಬೆಳಿಗ್ಗೆ ಪತ್ತಾರ ಶಾಂತಪ್ಪನನ್ನು ಕರೆಸಿಯೇ ಬಿಟ್ಟರು. ರಾಯಚೂರ ಕಡೆಯವನು, ಇಲ್ಲಿ ಬಂದು ಚಿನ್ನದ ಕೆಲಸದ ಅಂಗಡಿ ಇಟ್ಟವನು. ನಡುಮನೆಯಲ್ಲಿ ಮಣೆ ಹಾಕಿ, ರಂಗೋಲಿ ಎಳೆದು, ನನ್ನನ್ನು ಕೂಡಿಸಿದರು. ಓಣಿಯ ನಾಲ್ಕು ಹೆಂಗಸರು ಬಂದಿದ್ದರು. ಪ್ರೇಮಾ ಮುಂದೆಯೇ ಕೂತಿದ್ದಳು. ಪ್ರಫುಲ್ಲಾ ಬ್ಯಾಂಕಿನ ಕೆಲಸಕ್ಕೆ ಹೋಗಿದ್ದಳು, ಅವಳಿಲ್ಲದ ಹೊತ್ತನ್ನೇ ನೋಡಿದ್ದರು. ತುಳಸಕ್ಕ ಹಿಂದಿನಿಂದ ನನ್ನ ತಲೆ ಒತ್ತಿ ಹಿಡಿದರು.

ನಾನು ಯಜಮಾನರನ್ನು ನೋಡಿದೆ. ಬಾಗಿಲ ಬಳಿ ಕುರ್ಚಿಯಲ್ಲಿ ಕೂತು ವೀಳ್ಯದೆಲೆಯ ತೊಟ್ಟು ಮುರಿಯುತ್ತಿದ್ದರು. ಬೆಲ್ಲದ ಮಾತು ಅವರೂ ಕೇಳಿದ್ದಾರೆ. ಬೇಡ ಎಂದು ಒಂದು ಮಾತು ಅಂದರೆ ಸಾಕು, ಗಂಡಸಿನ ಮಾತು, ತಮ್ಮನ ಮಾತು, ಕಾರಣ ಕೇಳುವವರಿಲ್ಲ.

"ಏನ್ರೀ," ಎಂದೆ.

ಅವರು ಪ್ರೇಮಾ ಕಡೆ ನೋಡಿದರು, ಆಮೇಲೆ ಎಲೆಯ ಕಡೆ. "ಒಂದು ತೂತಲ್ಲ, ಆಗ್ಲಿ ಬಿಡು. ಅಕ್ಕ ಇಷ್ಟು ಹೇಳ್ಲಿಕ್ಕತ್ತಾಳ."

ಆ ಗಳಿಗೆಯಲ್ಲಿ ನಾನಾದರೂ ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಪ್ರೇಮಾ ಮುಂದಿದ್ದಳು, ಮಗಳ ಮುಖ ಕಣ್ಣ ಮುಂದೆ ಬಂತು. ಇದನ್ನು ಯಾರ ಮೇಲೂ ಹಾಕಲಾರೆ.

ಶಾಂತಪ್ಪ ಸೂಜಿ ಚುಚ್ಚಿದ. ನನಗೆ ಏನೂ ಅನ್ನಿಸಲಿಲ್ಲ. ಜೋಮು ಹಿಡಿದ ಮಾಂಸ, ಯಾರದೋ ಕಿವಿಗೆ ಚುಚ್ಚಿದ ಹಾಗೆ. "ನೋಡ್ರಿ, ನೋಡ್ರಿ, ಹಾಂ ಅನ್ಲಿಲ್ಲ!" ಎಂದು ಹೆಂಗಸರು ಸಂಭ್ರಮಪಟ್ಟರು. ಶಾಂತಪ್ಪ ಮಾತ್ರ ಕೈ ನಿಲ್ಲಿಸಿದ.

"ಅಮ್ಮಾರ, ಇದೇನ್ರಿ ಹಿಂಗ ಬಿರುಸೈತಿ? ಹಾಲಿ ಮೆತ್ತಗಿರಬೇಕ್ರಿ. ನಾ ಸಾವಿರ ಕಿವಿ ಚುಚ್ಚೀನ್ರಿ, ಇಂಥದ್ದು ಕೈಗೆ ಸಿಕ್ಕಿಲ್ರಿ."

"ಹೊಲಿಗಿ ಗಂಟು ಅದು, ದಾಟಿಸು," ಎಂದರು ತುಳಸಕ್ಕ. ಅವನು ಯಜಮಾನರ ಮುಖ ನೋಡಿದ. ಯಜಮಾನರು ಗೋಣು ಹಾಕಿದರು. ಸೂಜಿ ಒಳಗೆ ಏನನ್ನೋ ಕರಕರ ಎನ್ನಿಸುತ್ತ ಆಚೆ ಬಂತು. ನೋವಾಗಲಿಲ್ಲ, ಸದ್ದು ಮಾತ್ರ ತಲೆಯೊಳಗೆಲ್ಲ ಕೇಳಿತು. ಚಿನ್ನದ ತಂತಿ ಹಾಕಿ, ಅರಿಶಿನ ಹಚ್ಚಿ, ಎಲೆ ಅಡಿಕೆ ತೆಗೆದುಕೊಂಡು ಅವನು ಹೋದ.

ಸಂಜೆ ಪ್ರಫುಲ್ಲಾ ಬಂದು ನೋಡಿ ಕೂಗಾಡಿದಳು. ತಂತಿ ತೆಗಿ, ಈಗಲೇ ಆಸ್ಪತ್ರೆಗೆ ನಡಿ ಎಂದಳು. ಇವಳ ಮಾತು ಕೇಳಿ ಮುಹೂರ್ತಕ್ಕೆ ಅಪಶಕುನ ಮಾಡಬೇಡ ಎಂದರು ಅವಳಪ್ಪ. "ನಿನ್ನ ಸಲುವಾಗೇ ಇದೆಲ್ಲಾ," ಎಂದೂ ಸೇರಿಸಿದರು. ಆ ಮಾತಿಗೆ ಹುಡುಗಿಯ ಮುಖ ಬಿಳಿಚಿತು. ನಾನೇ ಅವಳನ್ನು ಸುಮ್ಮನಾಗಿಸಿದೆ. ಏನೂ ಆಗುವುದಿಲ್ಲ, ನೋಯುತ್ತಲೂ ಇಲ್ಲ ಎಂದೆ.

ನೋಯುತ್ತಿರಲಿಲ್ಲ, ನಿಜ. ಐದನೇ ದಿನ ಕೆಂಪಾಯಿತು. ಏಳನೇ ದಿನಕ್ಕೆ ಊದಿ ಬದನೆಕಾಯಿಯಷ್ಟು ಕಪ್ಪಾಯಿತು. ತುಳಸಕ್ಕ ಹಸಿ ತೂತು ಹಾಗೇ ಎಂದು ಎಣ್ಣೆ ಕಾಸಿ ಹಚ್ಚಿದರು. ಯಜಮಾನರು ದೂರದಿಂದಲೇ, "ಇನ್ನೈದು ದಿನ ಅಷ್ಟ. ಕಾರ್ಯ ಮುಗಿದ ಮರುದಿನ ತೋರಿಸೋಣು" ಎಂದರು. ಒಂಬತ್ತನೇ ದಿನ ನಾತ ಶುರುವಾಯಿತು. ಹಳೆಯ ಪರಿಚಿತ ನಾತ. ಊಟದ ತಟ್ಟೆಯ ಮುಂದೆ ಬಂದು ಕೂರುತ್ತಿತ್ತು. ಯಜಮಾನರು ಮನೆಯಲ್ಲಿ ಮೂರು ಹೊತ್ತೂ ಊದಿನಕಡ್ಡಿ ಹಚ್ಚತೊಡಗಿದರು.

ಕಾರ್ಯದ ದಿನ ಹೊಸ ಸೀರೆ ಉಡಿಸಿ, ಅತ್ತೆಯ ಏಳು ಹರಳಿನ ಓಲೆಯನ್ನು ತುಳಸಕ್ಕನೇ ಬಾತ ಕಿವಿಗೆ ತುರುಕಿದರು. ಛತ್ರ ತುಂಬಿತ್ತು. ಹೋಮದ ಹೊಗೆ, ಮಲ್ಲಿಗೆ, ತುಪ್ಪ. ಅದೆಲ್ಲದರ ಅಡಿಯಲ್ಲಿ ನನ್ನ ಕಿವಿ. ಆಚಾರ್ಯರು ಸಂಕಲ್ಪ ಹೇಳಿಸುತ್ತಿದ್ದಾಗ ಕತ್ತಿನ ಮೇಲೆ ಏನೋ ಬೆಚ್ಚಗೆ ಇಳಿಯಿತು. ಕೈ ಹಾಕಿ ನೋಡಿದೆ. ಕೀವು, ಅದರಲ್ಲಿ ಅಕ್ಕಿನುಚ್ಚಿನಂಥ ಬಿಳಿಯ ಚೂರು. ಬೆರಳ ನಡುವೆ ಹಿಸುಕಿದರೆ ಮೆತ್ತಗಾಯಿತು. ಅದು ನನ್ನ ಪಕ್ಕೆಲುಬು.

ಯಜಮಾನರೂ ನೋಡಿದರು. ನೋಡಿ, ಮೆಲ್ಲಗೆ, "ಸೆರಗಿಲೆ ಒರಸ್ಕೋ," ಎಂದರು.

ನಾನು ಮಣೆಯಿಂದ ಎದ್ದೆ. ಓಲೆಯನ್ನು ಹಿಡಿದು ಎಳೆದೆ, ಸುಲಭವಾಗಿ ಬಂತು, ಕೊಳೆತ ಹಣ್ಣಿನಿಂದ ಬೀಜ ಬರುವ ಹಾಗೆ. ತುಳಸಕ್ಕ ಓಡಿ ಬಂದು ರಟ್ಟೆ ಹಿಡಿದರು.

"ಕೂತ್ಕೋ! ಸಂಕಲ್ಪದಾಗ ಏಳ್ತಾರೇನು? ತೂತು ಹಸಿ ಅದ ಅಷ್ಟ!"

"ತೂತಲ್ಲರಿ ಅಕ್ಕಾರ. ನನಗ ಕ್ಯಾನ್ಸರ್ ಆಗಿತ್ತು. ಕಿವಿ ಕೊಯ್ದು ಒಗದಾರ. ಇದು ನನ್ನ ಪಕ್ಕದ ಎಲುಬು, ಕೆತ್ತಿ ಹಚ್ಚಿದ್ದು. ಯಾವ ಕಳ್ಳನೂ ಬಂದಿಲ್ಲ. ನಿಮ್ಮ ತಮ್ಮ ಯಾರ ಬೆನ್ನೂ ಹತ್ತಿ ಓಡಿಲ್ಲ."

ತುಳಸಕ್ಕ ರಟ್ಟೆ ಬಿಟ್ಟರು. ಬಿಟ್ಟ ಕೈಯನ್ನು ಸೀರೆಗೆ ಒರಸಿಕೊಂಡರು, ಒರಸಿದ್ದು ಸಾಲದೆ ನಲ್ಲಿಯ ಕಡೆ ನಡೆದರು. ಮುಂದಿನ ಸಾಲಿನಲ್ಲಿ ಹುಡುಗನ ತಾಯಿ ಕೃಷ್ಣಾಬಾಯಿ ಎದ್ದು ನಿಂತಿದ್ದರು. ಮುಗಿಯಿತು, ಇನ್ನು ಇವರು ಹೊರಡುತ್ತಾರೆ ಅಂದುಕೊಂಡೆ. ಅವರು ನೇರ ನನ್ನ ಹತ್ತಿರ ಬಂದು ಕಿವಿ ನೋಡಿದರು.

"ಅಯ್ಯ ದೇವರೇ, ಮೊದಲ ಹೇಳಬಾರದೇನ್ರಿ! ನಮ್ಮ ಮನಿಯವರಿಗೂ ಗಂಟಲದಾಗ ಆಗಿತ್ತು. ಈಗ ಆರು ವರ್ಷ ಆತು, ಆರಾಮ ಇದ್ದಾರ, ಅಲ್ಲೇ ಕೂತಾರ ನೋಡ್ರಿ. ಪ್ರೇಮಾ ಹೇಳಿದ್ದಿಲ್ಲೇನು? ಮೊದಲ ದವಾಖಾನಿಗೆ ನಡೀರಿ."

ನನಗೆ ನಗು ಬಂತು, ಅಂಥ ಕೆಟ್ಟ ನಗು. ಒಂದು ವರ್ಷ ಮುಚ್ಚಿಟ್ಟ ಮಾತು, ಒಂದು ಕಿವಿಯನ್ನೇ ತಿಂದ ಮಾತು, ಯಾರಿಗೂ ಬೇಕಾಗಿರಲಿಲ್ಲ. ತಿರುಗಿ ಯಜಮಾನರನ್ನು ನೋಡಿದೆ. ಅವರು ಆಚಾರ್ಯರನ್ನು ಕೇಳುತ್ತಿದ್ದರು, ಹೆಂಡತಿ ಇಲ್ಲದೆ ನಡೆಸಲು ಶಾಸ್ತ್ರದಲ್ಲಿ ದಾರಿ ಉಂಟೋ ಎಂದು. ಅಡುಗೆ ಆಗಿತ್ತಲ್ಲ, ಜನ ಬಂದಿದ್ದರಲ್ಲ. ದರ್ಭೆಯ ಕಟ್ಟೊಂದನ್ನು ನನ್ನ ಮಣೆಯ ಮೇಲೆ ಇಟ್ಟುಕೊಂಡು ಕೆಲಸ ಮುಂದುವರಿಸಿದರು ಎಂದು ಆಮೇಲೆ ಕೇಳಿದೆ. ಅಷ್ಟರಲ್ಲಿ ಪ್ರಫುಲ್ಲಾ ಆಟೋ ಕರೆದಿದ್ದಳು.

ಡಾಕ್ಟರಮ್ಮ ಕಿವಿ ನೋಡಿ ಹಲ್ಲು ಕಚ್ಚಿದರು. ಯಾರು ಮಾಡಿದ್ದು ಎಂದು ಕೇಳಿದರು. "ನಾವೇ," ಎಂದೆ. ಕತ್ತರಿಸಿ, ತೊಳೆದು, ಉಳಿದದ್ದನ್ನೆಲ್ಲ ತೆಗೆದರು. ತೆಗೆದದ್ದು ಟ್ರೇಯಲ್ಲಿ ಬಿದ್ದಿತ್ತು, ಮಜ್ಜಿಗೆಯ ಗಷ್ಟಿನ ಹಾಗೆ. ಏಳೆಂಟು ತಿಂಗಳು ಅವರು ಕೆತ್ತಿ ಕೂಡಿಸಿದ್ದು, ನಾನು ಹೊತ್ತು ತಿರುಗಿದ್ದು, ಹನ್ನೆರಡು ದಿನದಲ್ಲಿ ಇಷ್ಟಾಗಿತ್ತು.

ಸಂಜೆ ಐದಕ್ಕೆ ಯಜಮಾನರು ಬಂದರು. ಜರಿಯ ಧೋತರ, ಹಣೆಯಲ್ಲಿ ಅಕ್ಷತೆ, ಕೈಯಲ್ಲಿ ಪ್ರಸಾದದ ಪೊಟ್ಟಣ. ಎಲ್ಲ ಸಾಂಗವಾಗಿ ಆಯಿತು, ಹುಡುಗನ ಕಡೆಯವರೂ ಉಂಡು ಹೋದರು ಎಂದರು. ಹಾಸಿಗೆಯಿಂದ ಎರಡು ಮಾರು ದೂರ ನಿಂತು, ಹೆಗಲ ಮೇಲಿನ ಉಪರಣೆಯನ್ನು ಮೂಗಿಗೆ ಹಿಡಿದುಕೊಂಡೇ ಇದನ್ನೆಲ್ಲ ಹೇಳಿದರು.

ಡಾಕ್ಟರಮ್ಮ ಬಂದು ಕಾಗದ ಬರೆಯುತ್ತ, ಗಾಯ ಮಾಯಲು ಆರು ತಿಂಗಳು ಬೇಕು, ಆಮೇಲೆ ಇನ್ನೊಂದು ಪಕ್ಕದ ಎಲುಬು ತೆಗೆದು ಪ್ರಯತ್ನ ಮಾಡಬಹುದು ಎಂದರು. ಚರ್ಮ ಕೆಟ್ಟಿರುವುದರಿಂದ ಈ ಸಲ ಮೊದಲಿನಷ್ಟು ಚೆನ್ನಾಗಿ ಬರಲಾರದು, ನೋವು ಮಾತ್ರ ಅಷ್ಟೇ ಇರುತ್ತದೆ, ಯೋಚನೆ ಮಾಡಿ ಹೇಳಿ ಎಂದರು. ಯಜಮಾನರು ನನ್ನ ಪರವಾಗಿ ಯೋಚನೆ ಮಾಡಿಯೇ ಬಂದಿದ್ದರು.

"ಇನ್ನ್ಯಾಕ ಅದೆಲ್ಲಾ? ಕಾರ್ಯ ಮುಗೀತಲ್ಲ. ಇನ್ನು ಯಾರು ನೋಡ್ತಾರ ನಿನ್ನ ಕಿವಿ?"

ಮೂವತ್ತೆಂಟು ವರ್ಷ ನಾನು ಆ ಮುಖಕ್ಕೆ ಬಡಿಸಿದ್ದೇನೆ. ಉಪರಣೆಯ ಮೇಲಿನಿಂದ ಎರಡು ಕಣ್ಣು ಮಾತ್ರ ಕಾಣುತ್ತಿದ್ದವು, ಅವು ನನ್ನ ಪಟ್ಟಿಯನ್ನು ಬಿಟ್ಟು ಕೋಣೆಯನ್ನೆಲ್ಲ ನೋಡುತ್ತಿದ್ದವು. ನನ್ನ ಮೈಯ ನಾತಕ್ಕೆ ನಾನೇ ಅಸಹ್ಯಪಟ್ಟಿದ್ದೆ. ಆ ಹೊತ್ತಿಗೆ ಅದು ಹೋಯಿತು. ಇಷ್ಟು ದಿನ ತಪ್ಪು ಜಾಗದಲ್ಲಿ ಹೇಸಿಕೊಂಡಿದ್ದೆ.

"ಬರ್ಕೋಳ್ರಿ ಅಮ್ಮಾ," ಎಂದೆ ಡಾಕ್ಟರಮ್ಮನಿಗೆ. "ಆರು ತಿಂಗಳಿಗೆ."

ಒಪ್ಪಿಗೆಯ ಕಾಗದದಲ್ಲಿ ಗಂಡನ ಅಥವಾ ತಂದೆಯ ಸಹಿ ಎಂಬ ಜಾಗವಿತ್ತು. ನರ್ಸು ಪೆನ್ನನ್ನು ಯಜಮಾನರ ಕಡೆ ಚಾಚಿದಳು. ನಾನು ಮಂಚದಿಂದ ಕೈ ನೀಡಿ ಅದನ್ನು ತೆಗೆದುಕೊಂಡೆ. ಆ ಜಾಗದಲ್ಲಿ ಸುಭದ್ರಾ ಎಂದು ನನ್ನ ಹೆಸರು ಬರೆದೆ. ರೋಗಿಗೆ ಏನಾಗಬೇಕು ಎಂದು ಕೆಳಗೆ ಕೇಳಿತ್ತು. ನಾನೇ ರೋಗಿ ಎಂದು ಬರೆದೆ.

"ಮನಿಗೆ ಹೋಗ್ರಿ," ಎಂದೆ ಅವರಿಗೆ. "ಇಲ್ಲಿ ನಿಂದ್ರಬ್ಯಾಡ್ರಿ. ನನಗ ಹೇಸ್ಕಿ ಬರ್ಲಿಕ್ಕತ್ತದ."